ನೀರಗೋಣದ ಉರಿಪಾತಿ

ಹೊಳೆಯು ಕಡಲನ್ನು ಸೇರುವುದಕ್ಕೆ ಸ್ವಲ್ಪ ಮೊದಲು, ಎಡದ ದಂಡೆಯ ಮೇಲೆ ನೀರಗೋಣವೆಂಬ ಊರಿದೆ. ಸೇತುವೆಯ ಮೇಲೆ ನಿಂತು ನೋಡುವವರಿಗೆ ಊರು ಕಾಣುವುದಿಲ್ಲ; ಅದು ತೆಂಗುಗಳ ಹಿಂದೆ ಮರೆಯಾಗಿದೆ. ಕಾಣುವುದು ಊರಿನ ಮುಂದೆ ಕಾಲುವೆಯವರೆಗೂ ಹಾಸಿಕೊಂಡಿರುವ ಉಪ್ಪಿನ ಆಗರ. ಮೊಣಕಾಲೆತ್ತರದ ಜೇಡಿಮಣ್ಣಿನ ಕಟ್ಟೆಗಳು ಆ ಬಯಲನ್ನು ಸಣ್ಣ ದೊಡ್ಡ ಅಂಕಣಗಳಾಗಿ ಹೋಳು ಮಾಡಿವೆ. ಒಂದೊಂದು ಅಂಕಣವನ್ನೂ ಇಲ್ಲಿಯವರು ಪಾತಿ ಎಂದು ಕರೆಯುತ್ತಾರೆ. ಒಂದೊಂದಕ್ಕೂ ಒಂದೊಂದು ಹೆಸರಿಟ್ಟಿದ್ದಾರೆ. ಹುಲ್ಲುಗುಡ್ಡದ ಬುಡದಲ್ಲಿರುವುದು ಬೇಣಪಾತಿ, ಏಡಿಗಳ ಕಾಟವಿರುವುದು ಏಡಿಪಾತಿ, ಮಾಸ್ತಿಕಲ್ಲಿನ ಪಕ್ಕದ್ದು ಮಾಸ್ತಿಪಾತಿ. ಎಲ್ಲದರ ನಡುವೆ, ನಾಲ್ಕು ಬದಿಯೂ ಸಮನಾಗಿ ಹರಡಿಕೊಂಡಿರುವ ಅತಿ ದೊಡ್ಡ ಪಾತಿಯ ಹೆಸರು ಉರಿಪಾತಿ. ಚೈತ್ರದ ನಡುಹಗಲಲ್ಲಿ ಅದರ ಕಟ್ಟೆಯ ಮೇಲೆ ಬರಿಗಾಲಲ್ಲಿ ನಿಂತವರು ಹೆಸರಿನ ಕಾರಣವನ್ನು ಯಾರನ್ನೂ ಕೇಳುವುದಿಲ್ಲ; ಕಾಲಿನ ಅಡಿಯೇ ಹೇಳಿತೆಂದುಕೊಳ್ಳುತ್ತಾರೆ. ಆದರೆ ಸುರಹೊನ್ನೆ ಮರದ ಕೆಳಗಿನ ಜಟಗ ದೇವರಿಗೆ ದೀಪವಿಡುವ ಮನೆಯ ಹಿರಿಯರು ಇದನ್ನು ಒಪ್ಪುವುದಿಲ್ಲ. ಆಗರದ ಎಲ್ಲ ಪಾತಿಗಳ ಮೇಲೂ ಬೀಳುವುದು ಅದೇ ಬಿಸಿಲು, ಆ ಹೆಸರು ಒಂದಕ್ಕೇ ಏಕೆ ಬಂತು ಎಂದು ಅವರು ಕೇಳುತ್ತಾರೆ. ಅವರ ಪ್ರಕಾರ ಇದು ಬಿಸಿಲಿನ ಉರಿಯಲ್ಲ, ಹೊಟ್ಟೆಯ ಉರಿ. ಅದೂ ಮಂಕಾಳಿ ಎಂಬ ಒಬ್ಬ ಹೆಂಗಸಿನ ಹೊಟ್ಟೆಯದು.

ಹಿಂದೆ ಒಮ್ಮೆ, ಈ ದಂಡೆಯನ್ನು ಯಾರು ಆಳುತ್ತಿದ್ದರೆಂದು ಹೇಳಬಲ್ಲವರೂ ಉಳಿಯದಷ್ಟು ಹಿಂದೆ, ನೀರಗೋಣದಲ್ಲಿ ಬೊಮ್ಮಯ್ಯ ಎಂಬುವನ ಮನೆಯಿತ್ತು. ಅವನಿಗೆ ಈರು, ಜಟ್ಟು ಎಂದು ಇಬ್ಬರು ಮಕ್ಕಳು. ಹಿರಿಯವನಾದ ಈರುವಿನ ಹೆಂಡತಿ ಮಂಕಾಳಿ, ಕಿರಿಯವನಾದ ಜಟ್ಟುವಿನ ಹೆಂಡತಿ ಸೋಮಿ. ಮಂಕಾಳಿ ಕೈಗೆಲಸದಲ್ಲಿ ಊರಿಗೇ ಮುಂದು. ಕಟ್ಟೆಗೆ ಮಣ್ಣು ಹೊರುವುದಿರಲಿ, ಪಾತಿಯ ನೆಲವನ್ನು ತುಳಿದು ಕನ್ನಡಿಯಂತೆ ಮಾಡುವುದಿರಲಿ, ಅವಳಿಗೆ ಸರಿಸಾಟಿ ಇರಲಿಲ್ಲ. ಆದರೆ ಅವಳು ಮಾಡಿದ ಕೆಲಸವನ್ನು ಯಾರೂ ನಿಂತು ನೋಡುತ್ತಿರಲಿಲ್ಲ; ಸೋಮಿ ಬುಟ್ಟಿ ಹೊತ್ತು ಬಂದರೆ ಮಾತ್ರ ದೋಣಿಯವರೂ ಹುಟ್ಟು ನಿಲ್ಲಿಸಿ ಮಾತಿಗೆಳೆಯುತ್ತಿದ್ದರು. ಸೋಮಿಯದು ನಗುವ ಬಾಯಿ. ಮಾವ ಬೊಮ್ಮಯ್ಯನೂ ಊಟಕ್ಕೆ ಕೂತಾಗ, ಸಾರು ಮಾಡಿದವಳು ಮಂಕಾಳಿಯಾದರೂ, ಬಡಿಸಿದ ಸೋಮಿಯನ್ನೇ ಹೊಗಳುತ್ತಿದ್ದನಂತೆ. ಆಗಿನಿಂದಲೇ ಮಂಕಾಳಿಯ ಎದೆಯಲ್ಲಿ ಒಂದು ಸಣ್ಣ ಕೆಂಡ ಕೂತಿತ್ತು ಎನ್ನುತ್ತಾರೆ. ಅದನ್ನು ಅವಳು ಯಾರಿಗೂ ತೋರಿಸಲಿಲ್ಲ, ಆರಲೂ ಬಿಡಲಿಲ್ಲ.

ಆಗರದಲ್ಲಿ ಆಗ ಒಂದು ಕಟ್ಟಳೆಯಿತ್ತು. ಕಟ್ಟೆ ಉದ್ದವಾದಷ್ಟೂ ಅದನ್ನು ಕಾಯುವ ಕೆಲಸ ಹೆಚ್ಚು, ಒಬ್ಬನ ಕಟ್ಟೆ ಒಡೆದರೆ ನೆರೆಯವನ ಉಪ್ಪೂ ಕರಗುತ್ತದೆ. ಆದ್ದರಿಂದ ದುಡಿಯುವ ಒಬ್ಬ ಗಂಡಾಳಿಗೆ ಒಂದು ಹಗ್ಗ ಎಂದು ಗೊತ್ತು ಮಾಡಿದ್ದರು. ಒಂದು ಹಗ್ಗವೆಂದರೆ ಇಪ್ಪತ್ತೆಂಟು ಗಳೆ ಉದ್ದ. ಗಳೆಯೆಂದರೆ ಜಟಗನ ಗುಡಿಯ ಮಾಡಿನಲ್ಲಿ ಸಿಕ್ಕಿಸಿಟ್ಟಿದ್ದ ಅಳತೆಯ ಬಿದಿರು. ಹಗ್ಗವನ್ನು ನೆಲಕ್ಕೆ ಹಾಸಿ, ಎರಡು ತುದಿ ಕೂಡಿಸಿ, ಅದು ಬಿದ್ದ ಗೆರೆಯ ಮೇಲೆಯೇ ಕಟ್ಟೆ ಹಾಕಬೇಕು. ಮೂಲೆಗಳು ನೆಟ್ಟಗಿದ್ದರಾಯಿತು, ಉದ್ದ ಎಷ್ಟು ಅಗಲ ಎಷ್ಟು ಎಂಬುದು ಅವರವರ ಇಷ್ಟ. ಬೊಮ್ಮಯ್ಯನಿಗೆ ದುಡಿಯುವ ವಯಸ್ಸು ಮೀರಿದ್ದರಿಂದ ಅವನ ಮನೆಗೆ ಇಬ್ಬರು ಗಂಡುಮಕ್ಕಳ ಲೆಕ್ಕದಲ್ಲಿ ಎರಡು ಹಗ್ಗ ಬಂದಿದ್ದವು. ಅವೆರಡನ್ನೂ ಗಂಟು ಹಾಕಿ ಅವನು ನಾಲ್ಕು ಬದಿಯೂ ಸಮನಾದ ಒಂದೇ ದೊಡ್ಡ ಪಾತಿ ಕಟ್ಟಿಸಿದ್ದ. ಅದರಲ್ಲಿ ಬೆಳೆಯುತ್ತಿದ್ದ ಉಪ್ಪು ಇಡೀ ಆಗರದ ಬೆರಗಾಗಿತ್ತು. ಎಲ್ಲರೂ ಅದನ್ನು ಬೊಮ್ಮಯ್ಯನ ಕೈಗುಣ ಎಂದರು. ಅವನೂ ಹಾಗೆಯೇ ನಂಬಿದ್ದ. ಆ ನಂಬಿಕೆಯಲ್ಲೇ ಒಂದು ಮಳೆಗಾಲ ತೀರಿಹೋದ. ಅದೇ ಮಳೆಗಾಲ ಹೊಳೆ ಉಕ್ಕಿ ಬಂದು, ದೊಡ್ಡ ಪಾತಿಯ ಕಟ್ಟೆಗಳನ್ನೆಲ್ಲ ನೆಕ್ಕಿ ಸಪಾಟು ಮಾಡಿತು.

ನೀರು ಇಳಿದು ಹೊಸ ಕಟ್ಟೆ ಹಾಕುವ ಕಾಲ ಬಂದಾಗ, ಮಂಕಾಳಿ ಗಂಡನನ್ನು ಕರೆದು, ಇನ್ನು ಒಟ್ಟಿಗೆ ಆಗುವುದಿಲ್ಲ, ನಮ್ಮ ಹಗ್ಗ ನಮಗೆ ಎಂದಳು. ತನ್ನ ಬೆವರಿನ ಉಪ್ಪಿಗೆ ಸೋಮಿ ಹೊಗಳಿಸಿಕೊಳ್ಳುವುದು ಅವಳಿಗೆ ಸಾಕಾಗಿತ್ತು. ಈರು ಜಗಳಕ್ಕೆ ಹೆದರುವವನು, ಒಪ್ಪಿದ; ಮನೆಯೂ ಎರಡಾಯಿತು. ಹಿರಿಯ ಸೊಸೆಯೆಂದು ಜಾಗ ಆರಿಸುವ ಸರದಿ ಮೊದಲು ಮಂಕಾಳಿಗೇ ಬಂತು. ಅವಳು ಕಾಲುವೆಯ ಅಂಚಿನ ನೆಲವನ್ನು ಆರಿಸಿಕೊಂಡಳು. ಉಪ್ಪುನೀರು ಮೊದಲು ಮುಟ್ಟುವುದು ಅಲ್ಲಿಗೆ. ಹೋಗಿಬರುವವರ ಕಣ್ಣಿಗೆ ಬೀಳುವುದೂ ಅದೇ. ಕಾಲುವೆಗೂ ಹಿಂದಿನ ಜಂಬಿಟ್ಟಿಗೆಯ ದಿಣ್ಣೆಗೂ ನಡುವೆ ಎರಡು ಗಳೆಯಷ್ಟೇ ಅಗಲ. ಅದಕ್ಕೇನಂತೆ ಎಂದು ಅವಳು ಹಗ್ಗವನ್ನು ಉದ್ದಕ್ಕೆ ಎಳೆಸಿದಳು. ಹನ್ನೆರಡು ಗಳೆ ಉದ್ದ, ಎರಡು ಗಳೆ ಅಗಲದ ಪಾತಿಯಾಯಿತು. ಒಂದು ತುದಿಯಲ್ಲಿ ನಿಂತು ಇನ್ನೊಂದು ತುದಿ ನೋಡಿದಾಗ ಅವಳಿಗೆ ಎದೆ ತುಂಬಿತು. ಆಗರದಲ್ಲಿ ಅಷ್ಟು ಉದ್ದದ ಪಾತಿ ಇನ್ನೊಂದಿರಲಿಲ್ಲ. ಸೋಮಿ, ಜಟ್ಟು ಉಳಿದ ಹಿಂದಿನ ಬಯಲಿಗೆ ಹೋಗಿ, ಎಂಟು ಗಳೆ ಉದ್ದ ಆರು ಗಳೆ ಅಗಲಕ್ಕೆ ಕಟ್ಟೆ ಹಾಕಿದರು. ಅದು ಮೋಟುಮೋಟಾಗಿ, ಅಂಗಳದಂತೆ ಕಂಡಿತು. ಮಂಕಾಳಿ ಅದನ್ನು ನೋಡಿ ಮೊದಲ ಸಲ ಸೋಮಿಗಾಗಿ ಅಯ್ಯೋ ಪಾಪ ಎಂದಳಂತೆ.

ಆ ಕನಿಕರ ಮೊದಲ ಬೆಳೆಯವರೆಗೂ ಬಾಳಲಿಲ್ಲ. ಎರಡೂ ಪಾತಿಗೆ ಒಂದೇ ಹೊತ್ತಿಗೆ ನೀರು ಬಿಟ್ಟಿದ್ದರು, ಒಂದೇ ಬಿಸಿಲಿಗೆ ಎರಡೂ ಬಿಳಿಯಾದವು. ಉಪ್ಪು ಎಳೆದು ದಿಣ್ಣೆಯ ಮೇಲೆ ರಾಶಿ ಹಾಕಿದಾಗ ಸೋಮಿಯ ರಾಶಿ ಮಂಕಾಳಿಯದಕ್ಕಿಂತ ಎತ್ತರಕ್ಕೂ ಅಗಲಕ್ಕೂ ಬೆಳೆದು ನಿಂತಿತ್ತು. ಮಂಕಾಳಿ ಮೊದಲು ಅದು ತನ್ನ ಕಣ್ಣಿನ ಮೋಸ ಎಂದುಕೊಂಡಳು. ಮುಂದಿನ ಸಲ ಸೋಮಿಯ ಮನೆಯವರು ಹೊತ್ತ ಬುಟ್ಟಿಗಳನ್ನು ದೂರದಿಂದ ಎಣಿಸಿದಳು. ತನ್ನದು ಎಷ್ಟು ಬುಟ್ಟಿಯೋ ಅದರ ಎರಡರಷ್ಟು. ಅದರ ಮುಂದಿನ ಸಲವೂ ಎರಡರಷ್ಟೇ. ಹೆಚ್ಚು ದುಡಿದರೆ ಸರಿಹೋದೀತೆಂದು ಅವಳು ನೆಲವನ್ನು ಮತ್ತೆ ತುಳಿದಳು, ಕಟ್ಟೆಯ ಮೂಲೆಮೂಲೆಯ ಉಪ್ಪನ್ನು ಉಗುರಿನಿಂದ ಕೆರೆದಳು. ರಾಶಿ ಒಂದು ಹಿಡಿ ಏರಿತು, ಅಷ್ಟೆ. ಅತ್ತ ಸೋಮಿ, ಬಸುರಿಯಾದ್ದರಿಂದ ನಡುನಡುವೆ ಕೂತು ದಣಿವಾರಿಸಿಕೊಂಡು, ನಗುತ್ತ ಮಾತಾಡುತ್ತ ಎಳೆದ ಉಪ್ಪು ಬೆಟ್ಟವಾಗುತ್ತಿತ್ತು. ಮಾವನ ಕೈಗುಣ ಅವನು ಸಾಯುವಾಗ ಕಿರಿಸೊಸೆಗೆ ಬಂತು ನೋಡು ಎಂದು ಜನ ಮಾತಾಡಿಕೊಂಡರು. ಆ ಮಾತು ಕೇಳಿದ ದಿನ ಮಂಕಾಳಿಗೆ ಅನ್ನ ಸೇರಲಿಲ್ಲ. ತುತ್ತು ಬಾಯಿಗಿಟ್ಟರೆ ಉಪ್ಪಿನ ರುಚಿ ಬರುತ್ತಿತ್ತು. ಉಪ್ಪು ಬಾಯಿಗೆ ಬಂದರೆ ಸೋಮಿಯ ರಾಶಿ ಕಣ್ಣಿಗೆ ಬರುತ್ತಿತ್ತು. ಮನೆಯಲ್ಲಿ ಕೂತರೂ ಬಾಗಿಲಿನಿಂದ ಆ ರಾಶಿಯ ತುದಿ ಕಾಣುತ್ತದೆಂದು ಅವಳು ಬಾಗಿಲಿಗೆ ಓಲೆಯ ತಟ್ಟಿ ಕಟ್ಟಿಸಿದಳು. ಕಟ್ಟಿಸಿದ ಮೇಲೆ, ಈಗ ಎಷ್ಟು ಏರಿದೆಯೋ ಎಂದು ತಟ್ಟಿ ಸರಿಸಿ ಸರಿಸಿ ನೋಡಿದಳು.

ಕೊನೆಗೆ ಅವಳು ಹಗ್ಗ ತೆಗೆದುಕೊಂಡು ಹೋಗಿ, ಎಲ್ಲರ ಎದುರಿಗೇ ಸೋಮಿಯ ಕಟ್ಟೆಯನ್ನು ಸುತ್ತಿಬಂದು ಅಳೆದಳು. ಕಟ್ಟೆ ಒಂದು ಗೇಣೂ ಹೆಚ್ಚಿರಲಿಲ್ಲ. ತನ್ನ ಕಟ್ಟೆಗೂ ಅದೇ ಹಗ್ಗ ಸರಿಯಾಗಿ ಕೂತಿತು. ಬೇರೆಯವಳಾಗಿದ್ದರೆ ಅಲ್ಲಿಗೆ ಸುಮ್ಮನಾಗುತ್ತಿದ್ದಳು. ಮಂಕಾಳಿಗೆ ಮಾತ್ರ ಅದೇ ಸಾಕ್ಷಿಯಾಯಿತು. ಆಗರದ ವ್ಯಾಜ್ಯ ತೀರಿಸುತ್ತಿದ್ದವನು ಕರಿಯ ಬುದವಂತ. ಬುದವಂತನೆಂದರೆ ಊರಿನ ಹಿರಿಯಾಳು. ಅವನ ಮುಂದೆ, ಜಟಗನ ಕಟ್ಟೆಯ ಮೇಲೆ ಊರವರೆಲ್ಲ ಕೂಡಿದಾಗ ಅವಳು ನಿಂತು ಹೇಳಿದಳು: “ಒಂದೇ ಹಗ್ಗ, ಒಂದೇ ಕಾಲುವೆ, ಒಂದೇ ಬಿಸಿಲು. ಅವಳ ರಾಶಿ ಮಾತ್ರ ಎರಡು ಪಾಲು ಆಗೂದು ಹೇಗೆ? ಹಗ್ಗದಲ್ಲಿ ಇಲ್ಲದ್ದು ಎಲ್ಲಿಂದ ಬಂತು? ನನ್ನ ಪಾತಿಯ ಉಪ್ಪು ನಾನು ಕಣ್ಣು ಮುಚ್ಚಿದಾಗ ಅವಳ ಪಾತಿಗೆ ಹೋಗ್ತದೆ. ಅವಳು ಕಳ್ಳಿ.”

ಸೋಮಿಯ ನಗುವ ಬಾಯಿ ಆ ಹೊತ್ತು ಮುಚ್ಚಿತು. ಅವಳು ಒಂದು ಹರಳು ಉಪ್ಪನ್ನು ನಾಲಿಗೆಯ ಮೇಲಿಟ್ಟುಕೊಂಡು, ಕಡಲು ಉಬ್ಬಿ ಹೊಳೆಗೆ ಏರುವ ಭರತದ ನೀರಿಗಿಳಿದು ಎದೆಮಟ್ಟ ನಿಂತು, ನಾನು ಕದ್ದಿದ್ದರೆ ಈ ಹೊಟ್ಟೆಯಲ್ಲಿರುವುದು ಉಳಿಯದಿರಲಿ ಎಂದು ಆಣೆ ಮಾಡಿದಳು. ದಂಡೆಯ ಮೇಲಿದ್ದ ಹೆಂಗಸರು ಕಿವಿ ಮುಚ್ಚಿಕೊಂಡರು. ಅಷ್ಟಾದರೂ ಬುದವಂತನ ಮನಸ್ಸು ಪೂರ್ತಿ ತಿಳಿಯಾಗಲಿಲ್ಲ. ಅವನೂ ಆ ಎರಡು ರಾಶಿಗಳನ್ನು ಕಂಡವನೇ. ಆಣೆ ಮಾಡಿದ ಮೇಲೆ ಸೋಮಿಯನ್ನು ಕಳ್ಳಿಯೆನ್ನಬಾರದು, ಆದರೆ ಹೆಚ್ಚಿನ ಉಪ್ಪು ಬಂದ ದಾರಿ ತಿಳಿಯುವವರೆಗೆ ಅವಳ ರಾಶಿಯನ್ನು ಪೇಟೆಗೆ ಉಪ್ಪು ಒಯ್ಯುವ ಊರ ದೋಣಿಗೆ ಏರಿಸಲೂಬಾರದು ಎಂದು ತೀರ್ಪು ಕೊಟ್ಟ. ಮಳೆಗಾಲದೊಳಗೆ ದೋಣಿ ಏರದ ಉಪ್ಪು ನೀರಾಗಿ ಹೊಳೆಗೇ ಮರಳುತ್ತದೆಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಆ ದಿನ ಮಂಕಾಳಿ ಹೊಟ್ಟೆತುಂಬ ಉಂಡಳು. ಆದರೆ ಸೋಮಿ ಬಾವಿಕಟ್ಟೆಯಲ್ಲಿ ಎದುರಾದಾಗ ಎಂದಿನಂತೆ “ಅಕ್ಕ” ಎನ್ನದೆ ಕೊಡವೆತ್ತಿಕೊಂಡು ಹೋದಳು. ಕರೆಯದಿದ್ದರೆ ಬೇಡ ಎಂದು ಮಂಕಾಳಿ ಬಾವಿಗೆ ಹಗ್ಗ ಬಿಟ್ಟಳು. ನೀರು ಮೇಲೆ ಬರುವವರೆಗೂ ಕೆಳಗೇ ನೋಡುತ್ತ ನಿಂತಳು.

ಬೇಸಗೆ ಬಲಿಯುತ್ತಿದ್ದಂತೆ ಸೋಮಿ ಹೆಣ್ಣುಮಗುವನ್ನು ಹೆತ್ತಳು. ಬಾಣಂತಿಯ ಪಾತಿಯ ಉಪ್ಪನ್ನು ಓರಗಿತ್ತಿಯೇ ಎಳೆದುಕೊಡಬೇಕೆಂಬುದು ಆಗರದ ರೂಢಿ. ಬೈದುಕೊಂಡಿರಲಿ, ಬಿಟ್ಟುಕೊಂಡಿರಲಿ, ಹೆರಿಗೆಯ ಮುಂದೆ ಅದು ನಡೆಯುವುದಿಲ್ಲ. ಮಂಕಾಳಿಯೂ ಬೇಡವೆನ್ನಲಿಲ್ಲ. ಆ ಪಾತಿಯ ಒಳಗಿಳಿದರೆ ಕಳ್ಳತನದ ಕಾಲುದಾರಿಯೋ ಮಾಟದ ಗಂಟೋ ಕಣ್ಣಿಗೆ ಬಿದ್ದೇ ಬೀಳುತ್ತದೆಂದು ಅವಳಿಗೆ ಆಸೆ. ಉದ್ದ ಹಿಡಿಯ ಹಲಗೆ ಹಿಡಿದು, ಮೊದಲ ಸಲ ಆ ಕಟ್ಟೆ ದಾಟಿ ಒಳಗೆ ಕಾಲಿಟ್ಟಳು. ಒಂದು ಗಳೆ ಉದ್ದ, ಒಂದು ಗಳೆ ಅಗಲದ ನೆಲದ ಉಪ್ಪನ್ನು ನಾಲ್ಕೂ ಕಡೆಯಿಂದ ಎಳೆದು ನಡುವೆ ಒಂದು ಕುಪ್ಪೆ ಮಾಡಿ, ಮುಂದೆ ಸರಿದು ಮತ್ತೊಂದು ಕುಪ್ಪೆ ಮಾಡುವುದು ಅಲ್ಲಿನ ಕ್ರಮ. ಮಂಕಾಳಿ ಕಟ್ಟೆಯ ಉದ್ದಕ್ಕೂ ಹೊರಟಳು. ಎಂಟು ಕುಪ್ಪೆಗೆ ಆಚೆಯ ಕಟ್ಟೆ ಬಂತು. ತನ್ನ ಪಾತಿಯಲ್ಲಿ ಒಂದು ಸಾಲಿಗೆ ಹನ್ನೆರಡು ಎಂದು ಅವಳಿಗೆ ಒಳಗೊಳಗೇ ಹಿಗ್ಗು. ತಿರುಗಿ ಎರಡನೆಯ ಸಾಲು ಎಳೆದಳು. ತನ್ನಲ್ಲಾದರೆ ಅಲ್ಲಿಗೆ ಕೆಲಸ ಮುಗಿದು ಹಲಗೆ ತೊಳೆಯಬೇಕು. ಇಲ್ಲಿ ಮುಂದೆ ಇನ್ನೂ ಬಿಳಿಯ ನೆಲ ಹಾಸಿಕೊಂಡೇ ಇತ್ತು. ಮೂರನೆಯ ಸಾಲಿಗೆ ಸೊಂಟ ಹಿಡಿಯಿತು. ನಾಲ್ಕನೆಯದಕ್ಕೆ ಹಿಗ್ಗೆಲ್ಲ ಇಳಿಯಿತು. ಆರನೆಯ ಸಾಲಿನ ಕೊನೆಯ ಕುಪ್ಪೆ ಮಾಡಿ ಕಟ್ಟೆಯ ಮೇಲೆ ಕುಸಿದು ಕೂತು, ಅವಳು ತಿರುಗಿ ನೋಡಿದಳು. ಕಾಲುದಾರಿ ಇರಲಿಲ್ಲ, ಮಾಟದ ಗಂಟು ಇರಲಿಲ್ಲ. ತಾನೇ ತನ್ನ ಕೈಯಾರೆ ಮಾಡಿದ ಕುಪ್ಪೆಗಳು ಸಾಲಾಗಿ ಕೂತಿದ್ದವು. ಒಂದೊಂದಾಗಿ ಎಣಿಸಿದಳು. ನಲವತ್ತೆಂಟು. ತನ್ನ ಪಾತಿಯಲ್ಲಿ ಎಂದೂ ಆಗುತ್ತಿದ್ದುದು ಹನ್ನೆರಡರ ಎರಡು ಸಾಲು, ಇಪ್ಪತ್ತನಾಲ್ಕು.

ಅವಳಿಗೆ ನಂಬುವ ಮನಸ್ಸಿರಲಿಲ್ಲ. ನಂಬಿದರೆ ಸೋಮಿ ಕಳ್ಳಿಯಾಗುವುದಿಲ್ಲ. ಆಗದಿದ್ದರೆ ತಾನು ಏನಾಗುತ್ತೇನೆ? ಮನೆಗೆ ಬಂದವಳು ಹಿತ್ತಲಲ್ಲಿ ಒಂದು ತೊಗಟೆಯ ದಾರವನ್ನು, ಗಳೆಗೊಂದು ಬೆರಳಗಲದ ಲೆಕ್ಕದಲ್ಲಿ, ಇಪ್ಪತ್ತೆಂಟು ಬೆರಳಿಗೆ ಕತ್ತರಿಸಿ, ತುದಿ ಕೂಡಿಸಿ, ಮರಳಿನ ಮೇಲೆ ಹಾಸಿದಳು. ದಾರದ ಒಳಗೆ, ಒಂದು ಬೆರಳಿಗೆ ಒಂದರಂತೆ, ಮರುವಾಯಿಯ ಚಿಪ್ಪುಗಳನ್ನು ಒತ್ತೊತ್ತಾಗಿ ಜೋಡಿಸಿದಳು. ಹನ್ನೆರಡು ಎರಡರ ಆಕಾರಕ್ಕೆ ಇಪ್ಪತ್ತನಾಲ್ಕೇ ಹಿಡಿದವು. ದಾರವನ್ನು ಇನ್ನೂ ಉದ್ದಕ್ಕೆ, ಹದಿಮೂರು ಒಂದಕ್ಕೆ ಎಳೆದಳು. ಹದಿಮೂರು ಚಿಪ್ಪಿಗೇ ತುಂಬಿತು. ಉದ್ದವಾದಷ್ಟೂ ಹೊಟ್ಟೆ ಒಳಗೆ ಹೋಗುತ್ತದೆ! ಅಡ್ಡಕ್ಕೆ ಅಗಲಿಸುತ್ತ ಬಂದಂತೆ ಚಿಪ್ಪುಗಳು ಹೆಚ್ಚು ಹೆಚ್ಚು ಹಿಡಿದವು. ಏಳು ಏಳಕ್ಕೆ ಬಂದಾಗ ನಲವತ್ತೊಂಬತ್ತಕ್ಕೆ ನಿಂತಿತು. ಅದೇ ದಾರ, ಒಂದೆಳೆಯೂ ಹೆಚ್ಚಿರಲಿಲ್ಲ. ಆಮೇಲೆ ಅವಳು ಇನ್ನೊಂದು ಅಷ್ಟೇ ಉದ್ದದ ದಾರ ತಂದು ಮೊದಲನೆಯದಕ್ಕೆ ಗಂಟು ಹಾಕಿದಳು. ಏಕೆ ಹಾಕಿದಳೋ, ಅವಳಿಗೇ ತಿಳಿಯದು. ನಾಲ್ಕೂ ಬದಿ ಸಮನಾಗಿ ಹರಡಿದಾಗ ಬದಿಗೆ ಹದಿನಾಲ್ಕು ಬೆರಳು ಬಂತು. ಮನೆಯಲ್ಲಿದ್ದ ಚಿಪ್ಪು ಸಾಲದೆ ಹುಣಸೆಬೀಜವನ್ನೂ ತಂದು ಹಾಕಿದಳು. ಇನ್ನೂರಕ್ಕೆ ನಾಲ್ಕು ಕಡಿಮೆ ಹಿಡಿಯಿತು. ಮಾವನ ದೊಡ್ಡ ಪಾತಿ ಅದು. ಕೈಗುಣ ಎಂದು ಊರೆಲ್ಲ ಕೊಂಡಾಡಿದ್ದು ಒಂದು ಗಂಟನ್ನು. ಅದನ್ನು ಬಿಚ್ಚಿಸಿದವಳು ತಾನು. ಈಗ ತನಗೆ ಇಪ್ಪತ್ತನಾಲ್ಕು. ಗಂಟು ಇದ್ದಿದ್ದರೆ ತನ್ನ ಪಾಲಿಗೇ ತೊಂಬತ್ತೆಂಟು. ಆದರೆ ಸೋಮಿಗೂ ತೊಂಬತ್ತೆಂಟು! ಆ ಎರಡನೆಯ ತೊಂಬತ್ತೆಂಟು ಅವಳ ಗಂಟಲಲ್ಲಿ ಸಿಕ್ಕಿಕೊಂಡಿತು. ಚಿಪ್ಪು ಬೀಜಗಳನ್ನು ಕಾಲಿನಿಂದ ಒದ್ದು ಚೆಲ್ಲಿ ಒಳಗೆ ಹೋದಳು. ಯಾರಿಗೂ ಹೇಳಲಿಲ್ಲ.

ಹೇಳದೆಯೇ ಇದ್ದುಬಿಡುತ್ತಿದ್ದಳೋ ಏನೋ. ಆದರೆ ಆ ವರ್ಷ ಮುಂಗಾರಿಗೆ ಮೊದಲಿನ ಅಡ್ಡಮಳೆ ಬೇಗ ಬಂತು. ಒಂದು ಮಧ್ಯಾಹ್ನ ಪಡುವಣ ಕಪ್ಪಾಗಿ, ದಪ್ಪ ಹನಿಗಳು ಬಿದ್ದವು. ಎಲ್ಲರ ರಾಶಿಗಳು ಅಷ್ಟರಲ್ಲಿ ದೋಣಿ ಏರಿ ಹೋಗಿದ್ದವು. ದಿಣ್ಣೆಯ ಮೇಲೆ ಉಳಿದಿದ್ದುದು ಸೋಮಿಯದೊಂದೇ. ಮಂಕಾಳಿ ತಟ್ಟಿ ಸರಿಸಿ ನೋಡಿದಳು. ಹೊದಿಸಿದ ಹುಲ್ಲನ್ನು ಗಾಳಿ ಕಿತ್ತುಹಾಕಿತ್ತು. ರಾಶಿಯ ಮೈಮೇಲೆ ಹನಿಗಳು ಸೀಳುಗಳನ್ನು ಕೊರೆಯುತ್ತಿದ್ದವು, ಬುಡದಿಂದ ಬೆಳ್ಳನೆಯ ನೀರು ಹರಿದು ಕಾಲುವೆಗೆ ಇಳಿಯುತ್ತಿತ್ತು. ಎಷ್ಟು ದಿನದಿಂದ ಅವಳು ಬೇಡಿಕೊಂಡಿದ್ದ ನೋಟ ಅದು. ಆದರೆ ಆ ರಾಶಿಯ ಮೇಲಿನ ಪದರ ಅವಳೇ ಎಳೆದದ್ದು. ಆರು ಸಾಲು, ಹಿಡಿದ ಸೊಂಟ, ಸುಲಿದ ಅಂಗೈ. ತನ್ನ ದುಡಿಮೆ ಕಣ್ಣೆದುರು ಕರಗುವುದನ್ನು ಮಂಕಾಳಿ ಎಂದೂ ತಾಳಿದವಳಲ್ಲ. ಹಿತ್ತಲಲ್ಲಿದ್ದ ಓಲೆಯ ತಟ್ಟಿಗಳನ್ನೆಲ್ಲ ಕಿತ್ತು, ಬಾಗಿಲದ್ದನ್ನೂ ಬಿಡದೆ ಎತ್ತಿಕೊಂಡು ಓಡಿ ರಾಶಿಯ ಮೇಲೆ ಹೊದಿಸಿದಳು. ಮಳೆ ನಿಂತ ಮೇಲೆ, ಒದ್ದೆ ಸೀರೆಯಲ್ಲೇ ಸೋಮಿಯ ಬಾಣಂತಿ ಕೋಣೆಯ ಹೊಸಿಲಿಗೆ ಬಂದು ನಿಂತಳು.

“ನೀನು ಕದ್ದಿಲ್ಲ. ನಂಗೆ ಗೊತ್ತಾಯ್ತು,” ಎಂದಳು. ಕುಪ್ಪೆಗಳ ವಿಷಯ, ಚಿಪ್ಪಿನ ವಿಷಯ, ಗಂಟು ಹಾಕಿದ ಹಗ್ಗದ ವಿಷಯ, ಎಲ್ಲವನ್ನೂ ತೊದಲುತ್ತ ಹೇಳಿ, “ಬರುವ ವರ್ಷ ಒಟ್ಟಿಗೆ ಕಟ್ಟುವ. ಇಬ್ಬರಿಗೂ ಲಾಭ,” ಎಂದಳು.

ಸೋಮಿ ಮಗುವನ್ನು ಹೆಗಲಿಗೆ ಬದಲಿಸಿಕೊಂಡಳು. “ನಾನು ಕದ್ದಿಲ್ಲ ಅಂತ ನಂಗೆ ಮೊದಲೇ ಗೊತ್ತಿತ್ತು. ನಂಗೆ ಬಂದು ಹೇಳೂದು ಎಂತಕೆ? ಯಾರಿಗೆ ಗೊತ್ತಿಲ್ಲವೋ ಅವರಿಗೆ ಹೇಳು. ಎಲ್ಲಿ ನಿಂತು ಕಳ್ಳಿ ಅಂದೆಯೋ ಅಲ್ಲೇ ನಿಂತು ಹೇಳು. ಅವರು ಒಪ್ಪಿದ ಮೇಲೆ ಹಗ್ಗದ ಮಾತು.”

ಊರು ಮತ್ತೆ ಕೂಡಿತು. ಮಂಕಾಳಿ ಜಟಗನ ಕಟ್ಟೆಯ ಮೇಲೆ ನಿಂತು, ಕಳ್ಳತನವಿಲ್ಲ, ಸೋಮಿಯ ಪಾತಿಯೇ ನನ್ನದರ ಎರಡರಷ್ಟಿದೆ ಎಂದಾಗ ಜನ ನಕ್ಕುಬಿಟ್ಟರು. ಬುದವಂತ ನಗಲಿಲ್ಲ, ಸಿಟ್ಟಾದ. “ಹಗ್ಗ ಸುತ್ತಿ ಸಮ ಇದೆ ಅಂದವಳೂ ನೀನೇ. ಈಗ ಎರಡರಷ್ಟು ಅಂತೀಯ. ಯಾವುದು ನಿಜ?” ಎಂದು ಕೇಳಿದ. ಎರಡೂ ನಿಜ, ಸುತ್ತಳತೆ ಬೇರೆ, ಒಳಗಿನ ಹರವು ಬೇರೆ ಎಂದು ಅವಳು ಹೇಳಿದ್ದು ಯಾರ ತಲೆಗೂ ಹೋಗಲಿಲ್ಲ. ಕುಪ್ಪೆ ಎಣಿಸಿದೆನೆಂದರೆ, ಕುಪ್ಪೆ ಮಾಡಿದವಳು ನೀನು, ಚಿಕ್ಕದು ಮಾಡಿ ಎಣಿಕೆ ಹೆಚ್ಚಿಸಿರಬಹುದು ಎಂದರು. ಆಗ ಅವಳು ಮನೆಮನೆಯಿಂದ ಒಂದು ಗಳೆ ಉದ್ದ ಒಂದು ಗಳೆ ಅಗಲದ ಭತ್ತ ಒಣಗಿಸುವ ಚಾಪೆಗಳನ್ನು ತರಿಸಿದಳು. ನೀರು ಬತ್ತಿಸಿದ ತನ್ನ ಪಾತಿಯಲ್ಲಿ ಅಂಚಿಗೆ ಅಂಚು ತಾಗಿಸಿ ಹಾಸಿಸಿದಳು. ಇಪ್ಪತ್ತನಾಲ್ಕು ಚಾಪೆಗೆ ನೆಲ ಮುಚ್ಚಿತು. ಅವೇ ಚಾಪೆಗಳನ್ನು ಎತ್ತಿ ಸೋಮಿಯ ಪಾತಿಗೆ ಹೊತ್ತು ಹಾಸಿದರೆ, ಒಂದು ಬದಿ ಮುಚ್ಚಿ ಇನ್ನೊಂದು ಬದಿ ಬರಿನೆಲ ಹಾಗೆಯೇ ಉಳಿಯಿತು. ಇನ್ನೂ ಅಷ್ಟೇ ಚಾಪೆ ತರಿಸಬೇಕಾಯಿತು. ಹೊತ್ತು ಹಾಸಿದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಿಗೆ ಅಷ್ಟೇ ಸಾಕಾಯಿತು.

ಬುದವಂತನಿಗೆ ಸಾಲಲಿಲ್ಲ. ಚಾಪೆ ಮಡಿಚಿಕೊಂಡಿರಬಹುದು, ಸಂದು ಬಿಟ್ಟಿರಬಹುದು, ನನಗೆ ಗಳೆಯ ಲೆಕ್ಕ ಬೇಕು ಎಂದ. ಮಂಕಾಳಿ ಜಟಗನ ಮಾಡಿನಲ್ಲಿದ್ದ ಗಳೆಯನ್ನು ಅವನ ಕೈಗೇ ಕೊಟ್ಟಳು. ಅವನು ಸೋಮಿಯ ಪಾತಿಯ ಒಂದು ಬದಿ ಅಳೆದ, ಎಂಟು. ಮೂಲೆ ತಿರುಗಿ ಇನ್ನೊಂದು ಬದಿ ಅಳೆದ, ಆರು. ಮಂಕಾಳಿ ಕೇಳಿದಳು: “ಒಂದು ಸಾಲಿಗೆ ಎಂಟು ಚಾಪೆ. ಅಂಥಾ ಸಾಲು ಎಷ್ಟು?” ಆರು ಎಂದ ಬುದವಂತ. ಎಂಟನ್ನು ಆರು ಸಲ ಕೂಡು ಎಂದಳು. ಅವನು ಬೆರಳಿನ ಗೆಣ್ಣುಗಳ ಮೇಲೆ ಹೆಬ್ಬೆರಳು ಓಡಿಸುತ್ತ ಹೋಗಿ, ನಲವತ್ತೆಂಟಕ್ಕೆ ನಿಂತು, ಕೆಮ್ಮಿದ. ಮಂಕಾಳಿಯ ಪಾತಿಗೆ ಹನ್ನೆರಡನ್ನು ಎರಡು ಸಲ ಕೂಡುವುದಕ್ಕೆ ಅವನಿಗೆ ಬೆರಳು ಬೇಕಾಗಲಿಲ್ಲ. ಮಾತು ಅಲ್ಲಿಗೆ ಮುಗಿಯಬೇಕಿತ್ತು. ಆಗ ಅದುವರೆಗೆ ಬಾಯಿ ಬಿಡದಿದ್ದ ಈರು ಎದ್ದು, “ಎಣಿಕೆಯೆಲ್ಲ ನಂಗೆ ತಿಳಿಯೂದಿಲ್ಲ. ನಾನು ಕಟ್ಟಿದ ಕಟ್ಟೆ, ಅಷ್ಟು ಉದ್ದದ್ದು. ಅದು ಹೇಗೆ ಅರ್ಧ ಆಗ್ತದೆ?” ಎಂದ. ಅವನ ದನಿಯಲ್ಲಿ ಅಳು ಇತ್ತಂತೆ. ಮಂಕಾಳಿ ಗಂಡನ ಎದುರು ಕೂತು, ಹನ್ನೆರಡು ಗೇಣು ಉದ್ದ ಎರಡು ಗೇಣು ಅಗಲದ ಒಂದು ಓಲೆಚಾಪೆ ಹಾಸಿದಳು. ಪಕ್ಕದಲ್ಲಿ ಎಂಟು ಗೇಣು ಆರು ಗೇಣಿನದೊಂದು. ಕತ್ತಿಯಿಂದ ಉದ್ದದ ಚಾಪೆಯನ್ನು ನಾಲ್ಕು ನಾಲ್ಕು ಗೇಣಿಗೆ ಮೂರು ತುಂಡು ಮಾಡಿ, ಒಂದರ ಕೆಳಗೊಂದು ಇನ್ನೊಂದು ಚಾಪೆಯ ಮೇಲಿಟ್ಟಳು. ಮೂರೂ ಸೇರಿ ಅದರ ಎಡಭಾಗದ ಮೇಲಿನಂಚಿನಿಂದ ಕೆಳಗಿನಂಚಿನವರೆಗೆ ಕೂತವು. ಬಲಭಾಗ ಅಷ್ಟೇ ಅಗಲಕ್ಕೆ ಖಾಲಿ ಉಳಿಯಿತು. ಈರು ಆ ಖಾಲಿ ಭಾಗದ ಮೇಲೆ ಅಂಗೈಯಿಟ್ಟು ಸವರಿದ. “ಅರ್ಧ,” ಎಂದ. ಆಮೇಲೆ ತಮ್ಮ ಜಟ್ಟುವಿನ ಕಡೆ ತಿರುಗಿ, ತಲೆ ತಗ್ಗಿಸಿದ.

ಸೋಮಿಯ ರಾಶಿ ಮರುದಿನ ಬೆಳಿಗ್ಗೆಯೇ ದೋಣಿ ಏರಿತು. ಊರಿನ ಹುಟ್ಟುಗಾರರೆಲ್ಲ ಕರೆಯದೆ ಬಂದು ಹೊತ್ತರು. ಮಳೆಗಾಲ ಕಳೆದು ಕಟ್ಟೆ ಹಾಕುವ ದಿನ ಮಂಕಾಳಿ ತನ್ನ ಹಗ್ಗವನ್ನು ಸುರುಳಿ ಸುತ್ತಿಕೊಂಡು ಬಯಲಿನಲ್ಲಿ ಒಬ್ಬಳೇ ನಿಂತಿದ್ದಳು. ಸೋಮಿ ಬರುತ್ತಾಳೆಂದು ಅವಳಿಗೆ ನೆಚ್ಚಿಕೆಯಿರಲಿಲ್ಲ. ಸೋಮಿ ಬಂದಳು, ಮಗುವನ್ನು ಸೊಂಟದಲ್ಲಿಟ್ಟುಕೊಂಡು, ಇನ್ನೊಂದು ಕೈಯಲ್ಲಿದ್ದ ಹಗ್ಗವನ್ನು ಮಂಕಾಳಿಯ ಕಾಲ ಬಳಿ ಹಾಕಿ, “ಬಿಚ್ಚಿದವಳೇ ಗಂಟು ಹಾಕು, ಅಕ್ಕ,” ಎಂದಳು. ಹೊಸ ಪಾತಿಗೆ ಮೊದಲ ನೀರು ಬಿಡುವಾಗ ಹೆಸರಿಡುವುದು ವಾಡಿಕೆ. ಬುದವಂತ ಜೋಡಿಪಾತಿ ಎನ್ನೋಣವೆಂದ. ಸೋಮಿ ಓರಗಿತ್ತಿಯ ಮುಖವನ್ನು ಓರೆಗಣ್ಣಲ್ಲಿ ನೋಡಿ, ಎಷ್ಟೋ ತಿಂಗಳ ಮೇಲೆ ಬಾಯಿತುಂಬ ನಕ್ಕು, ಉರಿಪಾತಿ ಎಂದಳು. ಮಂಕಾಳಿ ಆ ಕಡೆ ತಿರುಗದೆ ಬಗ್ಗಿ ತೂಬಿನ ಹಲಗೆ ಎತ್ತಿದಳು. ನೀರು ಒಳಗೆ ನುಗ್ಗಿತು. ಅವಳು ಬೇಡವೆನ್ನಲಿಲ್ಲವಾದ್ದರಿಂದ ಹೆಸರು ನಿಂತಿತು ಎನ್ನುತ್ತಾರೆ.

ಹಾಗೆಂದು ಮಂಕಾಳಿಯ ಹೊಟ್ಟೆ ತಣ್ಣಗಾಯಿತೆಂದು ಯಾರೂ ಹೇಳುವುದಿಲ್ಲ. ಬೆಳೆದ ಉಪ್ಪನ್ನು ಎರಡು ರಾಶಿ ಮಾಡುವ ಕೆಲಸ ಅವಳದು, ಅದರಲ್ಲೊಂದನ್ನು ಮೊದಲು ಆರಿಸುವ ಹಕ್ಕು ಸೋಮಿಯದು ಎಂದು ಮಾತಾಗಿತ್ತು. ಸೋಮಿಗೆ ಒಂದು ಹರಳೂ ಹೆಚ್ಚು ಹೋಗಬಾರದೆಂದು ಮಂಕಾಳಿ ಕುಪ್ಪೆಗೆ ಕುಪ್ಪೆ ತೂಗಿ ನೋಡಿ, ಆ ಕಡೆಯ ಚಿಟಿಕೆಯನ್ನು ಈ ಕಡೆ ಹಾಕಿ, ಆಗರದಲ್ಲಿ ಯಾರೂ ಕಾಣದಷ್ಟು ಸಮನಾದ ರಾಶಿಗಳನ್ನು ಮಾಡುತ್ತಿದ್ದಳು. ಸೋಮಿ ಬಂದು ಒಂದನ್ನು ಮುಟ್ಟುತ್ತಿದ್ದಳು. ಮುಟ್ಟಿದ ಗಳಿಗೆಯಿಂದ ಮಂಕಾಳಿಗೆ ಅದೇ ದೊಡ್ಡದೆಂದು ಕಾಣುತ್ತಿತ್ತು. ಮುಪ್ಪಿನಲ್ಲಿ ಕಣ್ಣು ಮಂಜಾದ ಮೇಲೂ ಅವಳು ಕಟ್ಟೆಯ ಮೇಲೆ ಕೂತು, “ದೊಡ್ಡದನ್ನೇ ತಗೊಂಡೆ ಅಲ್ವೇ?” ಎಂದು ಕೇಳುತ್ತಿದ್ದಳಂತೆ, ಸೋಮಿ, “ಹೌದು ಅಕ್ಕ,” ಎಂದು ಪಕ್ಕದಲ್ಲೇ ಕೂರುತ್ತಿದ್ದಳಂತೆ.

ಇಂದಿಗೂ ಬೇಸಗೆಯಲ್ಲಿ ನೀರಗೋಣಕ್ಕೆ ಹೋದವರಿಗೆ ಉರಿಪಾತಿಯ ದಂಡೆಯ ಮೇಲೆ ಎರಡು ಉಪ್ಪಿನ ರಾಶಿಗಳು ಅಕ್ಕಪಕ್ಕ ನಿಂತಿರುವುದು ಕಾಣುತ್ತದೆ. ಅವೆರಡೂ ಸಮ ಎಂದು ಅಲ್ಲಿನವರು ಎಷ್ಟು ಹೇಳಿದರೂ ನೋಡಲು ಬಂದವರು ಒಪ್ಪುವುದಿಲ್ಲ. ಒಂದಿಷ್ಟು ಹೊತ್ತು ನಿಂತು ನೋಡಿ, ಯಾವುದಾದರೊಂದರ ಕಡೆ ಬೆರಳು ಮಾಡಿ ಇದೇ ದೊಡ್ಡದು ಎನ್ನುತ್ತಾರೆ. ಜೊತೆಗೆ ಬಂದವರು ಇನ್ನೊಂದನ್ನು ತೋರಿಸುತ್ತಾರೆ.